ಮಲ್ಲಮ್ಮತ್ತೆ ಆರಿಸಿಟ್ಟ ತೊಗಟೆ

“ಈಕಿ ಕೈಲೆ ಇದು ಆಗೂದಲ್ಲ” ಎಂದು ಮೊದಲು ಹೇಳಿದವಳು ನನ್ನ ಸೋದರತ್ತೆ ಮಲ್ಲಮ್ಮ. ನಾನು ಎಂ.ಎಸ್ಸಿ.ಗೆ ಸೇರಿದ ದಿನ ಅದನ್ನೇ ನೆರೆಯವರಿಗೆ ಮರಾಠಿಯಲ್ಲೂ ಹೇಳಿ ಬಂದಳು. ಮರುದಿನ ನಸುಕಿನಲ್ಲೇ, ನನ್ನ ಓದು ನಡೆಯಲೆಂದು, ಮಾರ್ಕೆಟ್ ಯಾರ್ಡಿಗೆ ಉಳ್ಳಾಗಡ್ಡಿಯಲ್ಲಿ ಕೊಳೆತದ್ದು ಆರಿಸಿ ತೆಗೆಯುವ ಕೂಲಿಗೆ ಹೋದಳು. ಅವ್ವ ತೀರಿದ ಮೇಲೆ, ಕಟ್ಟಡ ಕೆಲಸಕ್ಕೆ ಊರೂರು ಅಲೆಯುವ ಅಪ್ಪನ ಬದಲು ನನ್ನನ್ನು ನೋಡಿಕೊಳ್ಳಲು ಯಾದಗಿರಿ ಕಡೆಯಿಂದ ಪುಣೆಗೆ ಬಂದವಳು ಅವಳು.

ಕೊಳೆತದ್ದು ಕಂಡರೆ ಅವಳ ಕೈ ಸುಮ್ಮನಿರುತ್ತಿರಲಿಲ್ಲ. ಮದುವೆಯ ಊಟದಲ್ಲೂ ಪಕ್ಕದವರ ಎಲೆಯ ಬಾಳೆಹಣ್ಣು ಒತ್ತಿ ನೋಡಿ, “ಬ್ಯಾಡ್ರಿ, ಒಳಗ ಹೋಗೇದ” ಎನ್ನುತ್ತಿದ್ದಳು. ಇಂಥವಳ ಒಂದೇ ಖೋಲಿಯ ಮನೆಗೆ ನಾನು ಕೊಳೆತ ತೊಗಟೆ ತಂದೆ.

ನನ್ನ ಪ್ರಬಂಧ ಲೋಳೆಬೂಷ್ಟಿನ ಮೇಲಿತ್ತು. ಹೆಸರಿಗೆ ಬೂಷ್ಟು, ನಿಜಕ್ಕೆ ನಿಧಾನವಾಗಿ ತೆವಳುವ ಜೀವ. ಬಿರುಗಾಳಿಗೆ ಘಟ್ಟದಲ್ಲಿ ಉರುಳಿದ ಮರಗಳ ಮೇಲೆ ಅದು ಎಷ್ಟು ಬಗೆ, ನಿಂತ ಮರಗಳ ಮೇಲೆ ಎಷ್ಟು ಬಗೆ ಎಂದು ನೋಡಬೇಕಿತ್ತು. ತೊಗಟೆಯನ್ನು ಗಾಜಿನ ತಟ್ಟೆಗಳಲ್ಲಿ ತೇವವಾಗಿ ಮುಚ್ಚಿಡಬೇಕು. ರಜೆಯಲ್ಲಿ ಪ್ರಯೋಗಾಲಯಕ್ಕೆ ಬೀಗ ಬಿದ್ದದ್ದರಿಂದ ತಟ್ಟೆಗಳು ನಮ್ಮ ಕಪಾಟು ಹತ್ತಿದವು. ನಾಚಿಕೆಗೆ ಅತ್ತೆ ಅದನ್ನು ನೆರೆಯವರಿಗೆಲ್ಲ ನೋವಿನ ಔಷಧಿ ಎಂದು ಸಾರಿದಳು. ಮೊಣಕಾಲು ಹಿಡಿದು ಬಂದವರನ್ನೆಲ್ಲ ವಾಪಸು ಕಳಿಸುವ ಕೆಲಸ ನನ್ನದಾಯಿತು.

ಒಂದು ಸಂಜೆ ಮನೆಗೆ ಬಂದರೆ ತಟ್ಟೆಗಳೆಲ್ಲ ತೊಳೆಸಿಕೊಂಡು ಫಳಫಳ ಹೊಳೆಯುತ್ತಿದ್ದವು. ಅತ್ತೆ ಲೋಳೆ ಹಿಡಿದ ತೊಗಟೆಯನ್ನೆಲ್ಲ ಎಸೆದು, ಗಟ್ಟಿ ಚೂರುಗಳನ್ನು ಮಾತ್ರ ಆರಿಸಿ ಮೊರದಲ್ಲಿ ಒಣಗಿಸಿದ್ದಳು.

“ಕೆಟ್ಟದ್ದು ತಗದೀನಿ. ಚಲೋದು ಮುಟ್ಟಿಲ್ಲ.”

“ನನಗ ಬೇಕಾಗಿದ್ದು ಆ ಕೆಟ್ಟದ್ದೇ, ಅತ್ತಿ.”

“ಅದಕ್ಕ ಕಾಡಿಗ್ಯಾಕ ಹೋದಿ? ಯಾರ್ಡಿನಾಗ ಗಾಡಿಗಟ್ಟಲೆ ಬಿದ್ದಿರ್ತದ.”

ಆ ವರ್ಷ ಪ್ರಬಂಧ ಸಲ್ಲಿಸಲಾಗಲಿಲ್ಲ. ಮತ್ತೊಂದು ಮಳೆಗಾಲ ಕಾದು, ಮತ್ತೆ ಕಾಡು ಸುತ್ತಿ ತೊಗಟೆ ತಂದೆ. ಊರಿಗೆ ಮರಳಲು ಗಂಟು ಕಟ್ಟಿದ್ದ ಅತ್ತೆ ಅದನ್ನು ಬಿಚ್ಚಿ ಇನ್ನೊಂದು ವರ್ಷ ಉಳ್ಳಾಗಡ್ಡಿ ಆರಿಸಿದಳು. ತಪ್ಪಾಯಿತು ಎಂದು ಮಾತ್ರ ಹೇಳಲಿಲ್ಲ. ತಟ್ಟೆಗಳಿಗೆ ಬೆನ್ನು ತಿರುಗಿಸಿ ಊಟಕ್ಕೆ ಕೂರುತ್ತಿದ್ದಳು, ಅಷ್ಟೆ.

ಎಂ.ಎಸ್ಸಿ. ಪ್ರಮಾಣಪತ್ರ ಸಿಕ್ಕ ದಿನ ಅವಳು ಸ್ವಾರಗೇಟ್ ಬಸ್ ನಿಲ್ದಾಣದಲ್ಲಿ ಊರಿನ ಬಸ್ಸು ಹತ್ತಿ ಕೂತಾಗಿತ್ತು. ಕಾಲೇಜಿನಿಂದ ನೇರ ಅಲ್ಲಿಗೆ ಓಡಿದೆ. ನಮ್ಮ ಮನೆತನದ ಮೊದಲ ಪದವಿಗಳು, ಬಿ.ಎಸ್ಸಿ., ಎಂ.ಎಸ್ಸಿ. ಎರಡೂ, ನನ್ನವೇ. ಆ ಹೆಮ್ಮೆಯಲ್ಲೇ ಬಸ್ಸಿನ ಕಿಟಕಿಯಿಂದ ಪ್ರಮಾಣಪತ್ರವನ್ನು ಅವಳ ಕೈಗಿತ್ತೆ. ಮುಂದಿನ ಮಳೆಗಾಲದಲ್ಲಿ ಅವಳು ಊರಿನಲ್ಲೇ ತೀರಿಕೊಂಡಳು. ಅವಳನ್ನು ನಾನು ಕೊನೆಯ ಸಲ ನೋಡಿದ್ದು ಆ ಕಿಟಕಿಯಲ್ಲಿ.

ಅಂದು ಅವಳು ಸೆರಗಿಗೆ ಕೈ ಒರೆಸಿಕೊಂಡು ಪ್ರಮಾಣಪತ್ರ ಹಿಡಿದಳು. ಹಿಂದೆ ಮುಂದೆ ತಿರುಗಿಸಿ ನೋಡಿದಳು. ಚಾಲಕ ಆಗಲೇ ಬಸ್ಸು ಚಾಲೂ ಮಾಡಿದ್ದ.

“ಇಲ್ಲಿಗಿ ಮುಗೀತೋ, ಇನ್ನೂ ಓದೂದು ಅದನೋ?” ಎಂದು ಸಿಡುಕಿದಳು. “ಓದೂದಿದ್ರ ಈಗ ಹೇಳು, ಇಳೀತೀನಿ.”