ಅಡಿಯಲ್ಲಿ ಉಪ್ಪುಂಟು

ಕೊಲ್ಲಿ ದೇಶದ ಸಾಲ್ಮಿಯಾದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಬ್ಯಾರಿ ಕಾಕ ಉತ್ತರದ ಮರುಭೂಮಿಯ ಸಿಹಿನೀರಿನ ಕೊಳವೆಬಾವಿಗಳಲ್ಲಿ ಪಂಪು ನಡೆಸುತ್ತಿದ್ದರು. ಅಲ್ಲಿ ಅಪರೂಪದ ಮಳೆ ಒಂದು ತಗ್ಗಿನಲ್ಲಿ ಇಂಗಿ, ನೆಲದೊಳಗಿನ ಉಪ್ಪುನೀರಿನ ಮೇಲೆ ತೆಳ್ಳಗೆ ನಿಂತಿರುತ್ತದೆ. ಜೋರಾಗಿ ಎಳೆದರೆ ಉಪ್ಪು ಮೇಲೇರುತ್ತದೆ. ಆ ಭಯ ಅಭ್ಯಾಸವಾಗಿ, ಮನೆಯ ನಲ್ಲಿಯನ್ನೂ ಅವರು ನೀರು ನೂಲಿನಂತೆ ಇಳಿಯುವಷ್ಟೇ ತಿರುಗಿಸುತ್ತಿದ್ದರು.

ಇರಾಕಿನ ಸೈನ್ಯ ನುಗ್ಗಿದಾಗ ಕಾಕ ನಮ್ಮ ಮನೆಗೇ ಬಂದು ಉಳಿದರು; ನೀರು ನಿಂತೀತೆಂದು ನಾವು ಬಾತ್‌ಟಬ್ ತುಂಬಿಸಿಟ್ಟೆವು. ನಾನು ಚೆಂಬು ಮುಳುಗಿಸಿದರೆ ಕಾಕ ಕೈ ಹಿಡಿಯುತ್ತಿದ್ದರು.

"ಮೆಲ್ಲ ಮಾರಾಯ, ಅಡಿಯಲ್ಲಿ ಉಪ್ಪುಂಟು."

"ಬಾತ್‌ಟಬ್ಬಲ್ಲಿ ಎಂಥ ಉಪ್ಪು ಕಾಕ?" ಎಂದರೆ ತಾವೇ ನಗುತ್ತಿದ್ದರು.

ಯುದ್ಧ ಮುಗಿದ ಮೇಲೆ, ಎಣ್ಣೆಬಾವಿಗಳು ಇನ್ನೂ ಉರಿಯುತ್ತಿದ್ದಾಗ, ಅವರು ತಮ್ಮ ಪಂಪು ನೋಡಿಕೊಂಡು ಬಂದರು. ಮೊಣಕಾಲವರೆಗೆ ಕಪ್ಪು ಮೆತ್ತಿತ್ತು. ಮಳೆ ಇಂಗುವ ಆ ತಗ್ಗಿನಲ್ಲಿ ಎಣ್ಣೆ ಕೆರೆಯಂತೆ ನಿಂತಿದೆಯಂತೆ. ನಮ್ಮ ಬಚ್ಚಲಲ್ಲಿ ಕಾಲು ತೊಳೆಯಲು ನಲ್ಲಿಯನ್ನು ಪೂರ್ತಿ ತಿರುಗಿಸಿದರು.

"ಮೆಲ್ಲ ಕಾಕ," ಎಂದೆ.

ಅವರು ತಲೆಯೆತ್ತಲಿಲ್ಲ.

"ಅಡಿಯ ಉಪ್ಪಿಗೆ ಹೆದರಿದ್ದು ಖಲಾಸ್ ಮಾರಾಯ. ಈಗ ಮೇಲಿಂದ ಎಣ್ಣೆ ಇಳೀತಾ ಉಂಟು."