ಚಪ್ಪಲಿ ಬಿಟ್ಟು ಕಡಿದ ಹಾಸು

ಆ ಬ್ಲೇಡು ನನಗೆ ಒಂದು ಬೀಮಿನ ನೂಲಿನ ಮೇಲೆ ಲುಕ್ಸಾನು ತಂದಿತು. ಮೇಲೆ ವಕೀಲರ ಫೀ, ಕೋರ್ಟಿನ ಅಲೆದಾಟ, ಅಂಗಡಿ ಬಾಗಿಲು ಹಾಕಿದ ದಿನಗಳ ಗಿರಾಕಿ. ಇಷ್ಟೆಲ್ಲ ಯಾಕೆ ಮೈಮೇಲೆ ಹಾಕಿಕೊಂಡೆ ಅಂದರೆ, ಜಗಳ ಗಂಡ ಹೆಂಡಿರದಾದರೂ ಹಾಳಾದ ಮಾಲು ನನ್ನದು.

ಸೀರೆಯ ಗಂಟು ಹೊತ್ತು ಸಾವಳಗಿ, ಬೀಳಗಿಯ ಬಸ್ಸು ಹತ್ತಿಳಿದು ವ್ಯಾಪಾರ ಕಲಿತವಳು ನಾನು. ಕೈ ಸ್ವಲ್ಪ ಕುದುರಿದ ಮೇಲೆ ಬನಹಟ್ಟಿಯ ನೇಕಾರರ ಮನೆಗಳಿಗೆ ಬೀಮು, ಎಂದರೆ ನೂಲು ಸುತ್ತಿದ ಉದ್ದನೆಯ ಉರುಳೆ, ಕೊಟ್ಟು ಮಜೂರಿಯ ಮೇಲೆ ಸೀರೆ ನೇಯಿಸತೊಡಗಿದೆ. ಮಗ್ಗ ಅವರದು, ಮಗ್ಗದ ಮೇಲೆ ಉದ್ದಕ್ಕೆ ಹರವಿದ ನೂಲು, ಅಂದರೆ ಹಾಸು, ನಮ್ಮದು. ಇಲ್ಲಿಯ ರಿವಾಜೇ ಹಾಗೆ.

ಅಂಥ ಒಂದು ಮನೆಯಲ್ಲಿ ಮಗ್ಗ ನಡೆಸುವವಳು ಹೆಂಡತಿ. ಗಂಡ ಟ್ರ್ಯಾಕ್ಟರ್ ಡ್ರೈವರ್. ಬಾಡಗಂಡಿ ಕಡೆ ಕಬ್ಬು ಸಾಗಿಸುವ ಕೆಲಸ ಸಿಕ್ಕಿತ್ತು. ಮಗ್ಗ ಮಾರಿ ಹೆಂಡತಿಯನ್ನೂ ಕರೆದೊಯ್ಯಬೇಕೆಂದು ಅವನ ಹಟ. ಅವಳು ಒಪ್ಪಲಿಲ್ಲ. ಆ ಮಗ್ಗಕ್ಕೆ ಅವಳ ತವರಿನ ಬಂಗಾರವೂ ಬಿದ್ದಿತ್ತು. ಹಾಸು ಹೋದರೆ ಕೆಲಸ ನಿಲ್ಲುತ್ತದೆ, ಕೆಲಸ ನಿಂತರೆ ಹಿಂದೆ ಬರುತ್ತಾಳೆ ಎಂದುಕೊಂಡು ಒಂದು ರಾತ್ರಿ ಅವನು ಹಾಸಿನ ಮೇಲೆ ಬ್ಲೇಡು ಎಳೆದುಬಿಟ್ಟ. ಆ ದಂಡೆಯಿಂದ ಈ ದಂಡೆಗೆ, ಗೆರೆ ಹೊಡೆದ ಹಾಗೆ.

ಮರುದಿನ ಮುಂಜಾನೆ ಅವಳು ಬಂದು ನನ್ನ ಅಂಗಡಿ ಕಟ್ಟೆಯ ಮೇಲೆ ಕೂತಳು.

"ಅಕ್ಕಾರ, ನಿಮ್ಮ ನೂಲ ಹ್ಯಾಂಗರ ಮಾಡಿ ತುಂಬಿ ಕೊಡತೇನ್ರಿ. ಆದರ ಅವನ ಜೇಲಿಗೆ ಹಾಕಸಬ್ಯಾಡ್ರಿ. ನನಗ ಮಗ್ಗ ಉಳದರ ಸಾಕು."

"ಮಗ್ಗನೂ ಬೇಕು, ಗಂಡನೂ ಬೇಕು?"

"ಎರಡೂ ಬೇಕ್ರಿ. ಮದಲ ಮಗ್ಗ."

ನಗು ಬಂತು. ಬೇಕಾದದ್ದನ್ನು ಇಷ್ಟು ಸ್ಪಷ್ಟವಾಗಿ ಹೇಳುವವರ ಪರವಾಗಿ ವ್ಯವಹಾರ ಮಾಡುವುದು ಸುಲಭ.

ಜೇಲು ಬೇಡ ಸರಿ, ಆದರೆ ಕೇಸಿನ ಹೆದರಿಕೆ ಇಲ್ಲದೆ ಅವನು ಮಾತಿಗೆ ಬರುವವನಲ್ಲ ಎಂದು ಠಾಣೆಗೆ ಹೋದೆ. ಫಿರ್ಯಾದು ಬರೆದುಕೊಂಡರು. ಆದರೆ ಇಂಥ ಗುನ್ಹೆಯ ತನಿಖೆಗೆ ಕೋರ್ಟಿನ ಪರವಾನಗಿ ಬೇಕು ಅಂದರು. ವಕೀಲರನ್ನು ಹಿಡಿದು ಅದನ್ನು ತಂದೆ. ಅವರಿಂದ ಎರಡು ಮಾತು ಕಲಿತೆ. ಒಂದು, ತನ್ನದೇ ಪಾಲಿರುವ ವಸ್ತುವಾದರೂ ಇನ್ನೊಬ್ಬರಿಗೆ ನಷ್ಟವಾಗಲೆಂದು ಹಾಳು ಮಾಡಿದರೆ ಅದು ಗುನ್ಹೆಯೇ. ಇನ್ನೊಂದು, ಬೇಕಂತ ಮಾಡಿದನೋ, ಕೈತಪ್ಪಿ ಆಯಿತೋ ಎಂಬುದರ ಮೇಲೆ ಇಡೀ ಕೇಸು ನಿಲ್ಲುತ್ತದೆ.

ಪರವಾನಗಿ ಬಂದ ಮೇಲೆ ಅವನನ್ನು ಠಾಣೆಗೆ ಕರೆಸಿದರು. ನಾನೂ ಹೋದೆ. ಎದೆ ಸೆಟೆಸಿಕೊಂಡೇ ನಿಂತಿದ್ದ.

"ನನ್ನ ಮನಿ, ನನ್ನ ಮಗ್ಗರೀ ಸಾಹೇಬ್ರ. ಯಾರಿಗೇನ ಸಂಬಂಧ?"

"ಮಗ್ಗ ನಿನ್ನದು ಅಂತ ತಿಳಿ. ನೂಲು ಯಾರದೋ ತಮ್ಮಾ?" ಅಂದೆ.

ಸೆಟೆದ ಎದೆ ಸ್ವಲ್ಪ ಇಳಿಯಿತು. ದಾರಿ ಬದಲಿಸಿದ. "ಸಿಟ್ಟಿನ್ಯಾಗ ಆತ್ರಿ. ಏನ ಮಾಡಾಕತ್ತೇನಿ ಅಂತ ಖಬರ ಇರಲಿಲ್ಲರಿ."

ಹವಾಲ್ದಾರರು ಬರೆಯುತ್ತಲೇ ಗದರಿದರು. "ದಸರಾಕ್ಕ ಪೂಜಾ ಮಾಡೋ ಮಗ್ಗಲೇ ಅದು. ಚಪ್ಪಲಿಗಾಲಿಲೆ ಹೋಗಿ ಕಡದಿಯೇನು?"

ಆ ಮಾತು ಅವನಿಗೆ ಚುಚ್ಚಿತು. "ಛೇ ಛೇ! ಚಪ್ಪಲಿ ಹೊರಗ ಬಿಟ್ಟ, ಮಗ್ಗಕ್ಕ ಕೈ ಮುಗದ ಹೋಗೇನ್ರಿ! ಮಗ್ಗಕ್ಕ ಒಂದು ಗೀರ ಬಿದ್ದಿಲ್ಲ, ಬೇಕಾದರ ನೋಡ್ರಿ!"

ಹವಾಲ್ದಾರರ ಪೆನ್ನು ನಿಂತಿತು. "ಖಬರ ಇರಲಿಲ್ಲ ಅಂದಿ. ಖಬರ ಇಲ್ಲದವ ಚಪ್ಪಲಿ ಹ್ಯಾಂಗ ಬಿಟ್ಟಿ?"

ಒಳಗಿನ ಕೋಣೆಯವರೂ ನಕ್ಕರು. ಅವನು ತನ್ನ ಕಾಲು ತಾನೇ ನೋಡಿಕೊಂಡ. ಆಗಲೂ ಚಪ್ಪಲಿ ಬಾಗಿಲ ಹೊರಗೇ ಇತ್ತು.

ವ್ಯಾಪಾರದವಳಾದ ನನಗೆ ಬೇರೆಯೇ ಒಂದು ಕಂಡಿತು. ಮಗ್ಗಕ್ಕೆ ಕೈ ಮುಗಿದು ಒಳಹೋದವನು ಮಗ್ಗವನ್ನು ಮಾರುವ ಮನುಷ್ಯನಲ್ಲ. ಹೆಂಡತಿ ಗೆದ್ದುಬಿಟ್ಟಾಳೆಂಬ ಉರಿ ಅಷ್ಟೇ. ಇವನ ಹತ್ತಿರ ಸೌದಾ ಕುದುರುತ್ತದೆ.

ಹೆಂಡತಿಗೂ ಹೇಳಿಕಳಿಸಿ, ಎದುರಿನ ಚಹಾದಂಗಡಿಯಲ್ಲಿ ಇಬ್ಬರನ್ನೂ ಕೂರಿಸಿದೆ. ರಾಜಿಯ ಕೀಲಿ ನನ್ನ ಕೈಯಲ್ಲಿತ್ತು, ಯಾಕೆಂದರೆ ನಷ್ಟ ನನ್ನದು. ನನ್ನ ಶರತ್ತು ಹೇಳಿದೆ. ಕಡಿದ ಎಳೆಗಳನ್ನೆಲ್ಲ ಒಂದೊಂದಾಗಿ ಗಂಟು ಹಾಕಿ ಅವನೇ ಕೂಡಿಸಬೇಕು. ಮಗ್ಗ ಇಬ್ಬರದೆಂದು, ಅವಳ ಒಪ್ಪಿಗೆ ಇಲ್ಲದೆ ಮಾರುವುದಿಲ್ಲವೆಂದು ವಕೀಲರ ಮುಂದೆ ಸಹಿ ಮಾಡಬೇಕು.

"ಮತ್ತ ನನ್ನ ಬಾಡಗಂಡಿ ಕೆಲಸ?" ಅಂದ.

ಹೆಂಡತಿ ಮೊದಲ ಸಲ ಅವನ ಕಡೆ ತಿರುಗಿದಳು. "ಹೋಗ. ಬ್ಯಾಡ ಅಂದವರ್ಯಾರು? ಕಬ್ಬಿನ ಹಂಗಾಮ ಮುಗದ ಮ್ಯಾಲ ಬಾ. ಮನಿ ಇಲ್ಲೇ ಇರತೈತಿ."

ಅವನು ವಕೀಲರ ಮುಂದೆ ಸಹಿ ಮಾಡಿದ. ಎಳೆ ಕೂಡಿಸುವಾಗ ಒಮ್ಮೆ ಹೋಗಿ ನೋಡಿದೆ. ಸ್ಟೇರಿಂಗ್ ಹಿಡಿದ ದಪ್ಪ ಬೆರಳಿಗೆ ಎಳೆ ಸಿಗುತ್ತಿರಲಿಲ್ಲ. "ಟ್ರ್ಯಾಕ್ಟರ್ ಜಗ್ಗೋ ಹಗ್ಗ ಅಲ್ಲದು" ಎಂದು ಅವಳು ಬೈಯುತ್ತ ಪಕ್ಕದಲ್ಲೇ ಕೂತು ಗಂಟು ತಿದ್ದುತ್ತಿದ್ದಳು. ಕೆಲವು ಸೀರೆಗಳಲ್ಲಿ ಗಂಟಿನ ಸಾಲು ಎದ್ದು ಕಂಡಿತು. ಅವನ್ನು ಅಗ್ಗಕ್ಕೆ ಮಾರಿದೆ. ಕೋರ್ಟಿನಲ್ಲಿ ರಾಜಿ ದಾಖಲಾಯಿತು. ಅವನು ಹಂಗಾಮಿಗೆ ಹೋದ, ಹಂಗಾಮು ಮುಗಿದ ಮೇಲೆ ಬಂದ. ಮಗ್ಗ ನಿಲ್ಲಲಿಲ್ಲ.

ನಿಮ್ಮ ಮನೆಯಲ್ಲೋ ಓಣಿಯಲ್ಲೋ ಯಾರಾದರೂ ಸಿಟ್ಟಿನಲ್ಲಿ ಏನಾದರೂ ಒಡೆದರೆ, ಗುಡಿಸಿ ಚೆಲ್ಲುವ ಅವಸರ ಮಾಡಬೇಡಿ. ಒಡೆದ ಚೂರು, ಕಡಿದ ತುದಿ ಸಾಕ್ಷಿಗೆ ಎತ್ತಿಡಿ. ಅದು ಯಾರದು ಎಂದು ಮೊದಲು ಕೇಳಿ. "ಮನೆಯದು" ಎಂಬ ಉತ್ತರಕ್ಕೆ ಸುಮ್ಮನಾಗಬೇಡಿ. ಮೈಮೇಲೆ ಕೈ ಬಿದ್ದಿದ್ದರೆ ಅದು ಬೇರೆಯೇ ಕೇಸು, ಅಲ್ಲಿ ಚಹಾದಂಗಡಿಯ ಮಾತುಕತೆ ನಡೆಯುವುದಿಲ್ಲ, ನಾನೂ ಕೂರುತ್ತಿರಲಿಲ್ಲ. ಬರೀ ವಸ್ತು ಹಾಳಾಗಿದ್ದರೆ, ನೊಂದವರಿಗೆ ಏನು ಉಳಿಯಬೇಕು ಎಂದು ಅವರ ಬಾಯಿಂದಲೇ ಕೇಳಿಕೊಂಡು ರಾಜಿಗೆ ಕೂರಿರಿ. ಶರತ್ತು ಬರಹಕ್ಕೆ ಇಳಿಯುವತನಕ ಮಾತ್ರ "ಕೇಸು ವಾಪಸ್" ಎಂಬ ಮಾತು ಬಾಯಿಂದ ಬಿಡಬೇಡಿ.