ದೆವ್ವಕ್ಕೆ ಬೆಳಗಿದ ಕರ್ಪೂರ

ಮೊರಬದ ಗುರವ್ವ ಟೂರಿಂಗ್ ಟಾಕೀಸಿನ ಕಾಲದವಳು. ಭಕ್ತಿಚಿತ್ರದಲ್ಲಿ ದೇವಿ ಪ್ರತ್ಯಕ್ಷಳಾದರೆ ಎದ್ದು ನಿಂತು ತೆರೆಗೇ ಕರ್ಪೂರ ಬೆಳಗುತ್ತಿದ್ದಳು. ಧಾರವಾಡದಲ್ಲಿ ಸಿನಿಮಾದ ಬಗ್ಗೆ ಪಿಎಚ್‌ಡಿ ಮಾಡುತ್ತಿದ್ದ ಸೊಸೆ ರೋಹಿಣಿಗೆ ಅತ್ತೆಯ ಈ ನೆನಪುಗಳೇ ಬಂಡವಾಳ. ಭಕ್ತಿಚಿತ್ರ ಸತ್ತಿತು, ಅದರ ಜಾಗಕ್ಕೆ ದೆವ್ವದ ಚಿತ್ರ ಬಂತು ಎಂದು ಅವಳು ಬರೆದೂ ಆಗಿತ್ತು.

ಆ ಮಾತನ್ನು ಒರೆಗೆ ಹಚ್ಚಲು ಒಂದು ಮಧ್ಯಾಹ್ನ ಊರ ಸಮುದಾಯ ಭವನದ ಕಿಟಕಿಗಳನ್ನು ಮುಚ್ಚಿಸಿ, ಹೊಸ ದೆವ್ವದ ಚಿತ್ರವೊಂದನ್ನು ತೋರಿಸಿದಳು. ಗಂಡನ ಮನೆಯವರೇ ಬಾವಿಗೆ ನೂಕಿದ್ದ ಹೆಣ್ಣು ಕೂದಲು ಕೆದರಿಕೊಂಡು ಮೇಲೆದ್ದಳು. ಹೆಂಗಸರು ಚೀರಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಗುರವ್ವ ಮಾತ್ರ ಹಳೆಯ ರೂಢಿಯಂತೆ ಉಡಿಯಲ್ಲಿ ತಂದಿದ್ದ ಕರ್ಪೂರ ಹಚ್ಚಿಕೊಂಡು ಮುಂದೆ ನಡೆದಳು. ಉರಿ ಇನ್ನೇನು ತೆರೆಯ ಬಟ್ಟೆಗೆ ತಾಗುವಂತಿತ್ತು.

ರೋಹಿಣಿ ಓಡಿಹೋಗಿ ಅವಳ ಕೈ ಹಿಡಿದಳು. “ಅತ್ತೀ, ಏನ್ ಮಾಡಾಕತ್ತೀರಿ? ಅಕಿ ದೇವಿ ಅಲ್ರಿ, ದೆವ್ವ!”

“ಮಂದಿಗೆ ದೆವ್ವ. ಕೊಂದವರ ಮನ್ಯಾಗ ಅಕೀನ ದೇವರವಾ. ದೀಪಾವಳಿಗೆ ನಾವು ದೇವರ ಜಗಲಿ ಮ್ಯಾಲ ಹಸರ ಸೀರಿ ಇಡೂದಿಲ್ಲೇನು?”

ಮದುವೆಯಾದಾಗಿನಿಂದ ಆ ಸೀರೆಗೆ ಅರಿಶಿನ ಕುಂಕುಮ ಏರಿಸುತ್ತ ಬಂದವಳು ರೋಹಿಣಿಯೇ. ಅದು ಯಾರದೆಂದು ಒಮ್ಮೆಯೂ ಕೇಳಿರಲಿಲ್ಲ.

“ಅದು ಯಾರ ಸೀರಿರಿ, ಅತ್ತೀ?”

“ನಿಮ್ಮ ಮಾವನ ಮೊದಲನೇ ಹೇಣ್ತೀದು.”

ಗಂಡಸರ ಬಾಜು ಕುಳಿತಿದ್ದ ಮಾವ ಮಡಿವಾಳೆಪ್ಪ ದಡಬಡಿಸಿ ಎದ್ದು ಬಂದು ಪ್ರೊಜೆಕ್ಟರಿನ ವಾಯರು ಕಿತ್ತ. ಕತ್ತಲಾದ ಭವನದಲ್ಲಿ ಕರ್ಪೂರದ ಬೆಳಕಿಗೆ ಕಂಡದ್ದು ಅವನ ಮುಖವೊಂದೇ.